ಕೈಗೆಟುಕುವ ಬಾಡಿಗೆ ಮನೆಗಾಗಿ ಜಗಳವಾಡುವ ಬಗ್ಗೆ

(ಹೆಸರು ಬದಲಾವಣೆ ಪರಿಶೀಲನೆಯಲ್ಲಿರುವುದರಿಂದ ಸದ್ಯಕ್ಕೆ ಹೆಸರಿಲ್ಲದ) ಇಲಾಖೆ, ಡಬ್ಲಿನ್

ಸಂಖ್ಯೆ: ಬಾ.ಮ./ಒಂ.ಮ./ಜಗಳ/೭/೨೦೨೫
ದಿನಾಂಕ: ಸಹಿಯಾದ ದಿನ

ಸುತ್ತೋಲೆ

ವಿಷಯ: ಕೈಗೆಟುಕುವ ಬಾಡಿಗೆ ಯೋಜನೆಯಡಿ ತಾವು ‘ಒಂದೇ ಮನೆಯವರು’ ಎಂದು ರುಜುವಾತುಪಡಿಸಲು ಅರ್ಜಿದಾರರು ಪರಿಶೀಲನಾಧಿಕಾರಿಗಳ ಸಮಕ್ಷಮ ಜಗಳವಾಡುತ್ತಿರುವ ಕುರಿತು.

ಉಲ್ಲೇಖ: ೧) ಸ್ಯಾಂಟ್ರಿ ನಿವಾಸಿಗಳಾದ ಅನಸೂಯಾ ಮತ್ತು ನಿಖಿತಾ ಇವರ ಜಂಟಿ ಅರ್ಜಿ.
೨) ಪರಿಶೀಲನಾಧಿಕಾರಿ ಮರೇಡ್ ಡೋಲನ್ ಇವರ ವರದಿ (ಇಡ್ಲಿ ಹಿಟ್ಟಿನ ಕಲೆ ಸಹಿತ).
೩) ನೆರೆಮನೆಯವರು ಶಬ್ದದ ಬಗ್ಗೆ ಕೊಟ್ಟ ದೂರು, ಹಾಗೂ ಇಡ್ಲಿ ತಲುಪಿದ ಮೇಲೆ ಅದನ್ನು ಹಿಂಪಡೆದ ಪತ್ರ.

ಪೀಠಿಕೆ:

ಮಾರುಕಟ್ಟೆ ದರಕ್ಕಿಂತ ಕಡಿಮೆ ಬಾಡಿಗೆಗೆ, ಲಾಟರಿ ಎತ್ತಿ ಮನೆ ಹಂಚುವ ಈ ಯೋಜನೆಯಲ್ಲಿ ಎರಡು ಕೋಣೆಯ ಮನೆ ಬೇಡುವವರು ಒಂದೇ ಮನೆಯವರಾಗಿರತಕ್ಕದ್ದು ಎಂದು ನಿಯಮವಿದೆ. ಒಂದೇ ಮನೆಯವರು ಎಂದರೆ ಯಾರು ಎಂಬುದನ್ನು ಮಾತ್ರ ಬರೆಯಲು ಮರೆತುಹೋಗಿದೆ. ಗಂಡ ಹೆಂಡತಿ, ತಾಯಿ ಮಕ್ಕಳು ಬರುತ್ತಿದ್ದಷ್ಟು ಕಾಲ ಈ ಮರೆವು ಯಾರ ಕಣ್ಣಿಗೂ ಬೀಳಲಿಲ್ಲ. ಸ್ಯಾಂಟ್ರಿಯ ಅರ್ಜಿ ಬಂದಾಗ ಬಿತ್ತು. ಆ ಪ್ರಕರಣದ ಸುದ್ದಿ ಹರಡಿ ನಗರದ ಹಲವೆಡೆ ಅಹಿತಕರ ಬೆಳವಣಿಗೆಗಳಾಗಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಸಿಬ್ಬಂದಿಯ ಗಮನಕ್ಕೆ ತರಲಾಗಿದೆ.

೧. ಅನಸೂಯಾ ಅವರು ತುಮಕೂರಿನವರು, ಐವತ್ತು ದಾಟಿದವರು, ಅವಿವಾಹಿತರು. ಟಾಲಾದ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ಬಂದ ಹೊಸದರಲ್ಲಿ ಸ್ಯಾಂಟ್ರಿಯಲ್ಲಿ ಒಂದು ರೂಮು ಸಿಕ್ಕಿತೆಂದು ಅಲ್ಲೇ ಉಳಿದವರು, ಬೆಳಿಗ್ಗೆ ಬಸ್ಸು ಹಿಡಿದು ಪೇಟೆಗೆ, ಅಲ್ಲಿಂದ ಕೆಂಪು ಲುವಾಸ್ ಟ್ರಾಮ್ ಹತ್ತಿ ಆಸ್ಪತ್ರೆಗೆ ಹೋಗಿಬರುವುದನ್ನೇ ರೂಢಿ ಮಾಡಿಕೊಂಡಿದ್ದರು. ನಿಖಿತಾ ಮೈಸೂರಿನ ಹುಡುಗಿ. ಎಂ.ಎಸ್. ಓದಲು ಬಂದು, ಸ್ಯಾಂಟ್ರಿಗೆ ಹತ್ತಿರದ ಸ್ವೋರ್ಡ್ಸ್‌ನ ಕಚೇರಿಯೊಂದರಲ್ಲಿ ಕೆಲಸ ಹಿಡಿದು, ಅದೇ ಮನೆಯ ಪಕ್ಕದ ಸಣ್ಣ ರೂಮಿಗೆ ಬಾಡಿಗೆಗೆ ಬಂದವಳು. ಮೊದಲ ವರ್ಷ ಇಬ್ಬರ ನಡುವೆ ಅಡುಗೆಮನೆಯಲ್ಲಿ ಒಂದು ನಗು, ಫ್ರಿಜ್ಜಿನಲ್ಲಿ ಬೇರೆ ಬೇರೆ ಖಾನೆ. ಅಷ್ಟೇ.

೨. ಇವರ ಸಂಬಂಧವು ತೆರಿಗೆ ರಿಯಾಯಿತಿಯಿಂದ ಆರಂಭವಾಯಿತೆಂದು ದಾಖಲೆಗಳಿಂದ ತಿಳಿದುಬರುತ್ತದೆ. ಬಾಡಿಗೆ ಕಟ್ಟುವವರಿಗೆ ಆದಾಯ ತೆರಿಗೆಯಲ್ಲಿ ಒಂದಿಷ್ಟು ವಾಪಸ್ಸು ಬರುತ್ತದೆಂಬುದು ಅನಸೂಯಾ ಅವರಿಗೆ ಗೊತ್ತೇ ಇರಲಿಲ್ಲ. “ಅನಸೂಯಕ್ಕ, ಇಷ್ಟು ವರ್ಷ ಕೇಳೇ ಇಲ್ವಾ ನೀವು?” ಎಂದು ನಿಖಿತಾ ಬೆರಗಾದಳು. “ಸರ್ಕಾರದೋರು ಸುಮ್ಸುಮ್ನೆ ದುಡ್ಡು ಕೊಡ್ತಾರೇನೇ? ಏನೋ ಮೋಸ ಇರತ್ತೆ ಬಿಡು” ಎಂದರು ಅನಸೂಯಾ. ಅವಳು ಬಿಡಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಅವರು ಮೂರು ಸಲ ಮರೆತ ಪಾಸ್‌ವರ್ಡ್ ಬದಲಿಸಿ, ಅರ್ಜಿ ಹಾಕಿಸಿದಳು. ಬಂದ ಹಣದಲ್ಲಿ ಅನಸೂಯಾ ಒಂದು ಗ್ರೈಂಡರ್ ಕೊಂಡರು. ಬಾಡಿಗೆ ರಿಯಾಯಿತಿಯ ಉದ್ದೇಶ ಗ್ರೈಂಡರ್ ಅಲ್ಲವಾದರೂ ಈ ಬಗ್ಗೆ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ. ಅಂದಿನಿಂದ ಒಂದೇ ಅಡುಗೆ.

೩. ಹೀಗಿರುವಾಗ ಮನೆ ಮಾರುತ್ತೇನೆಂದು ಮಾಲೀಕರು ನೋಟಿಸು ಕೊಟ್ಟರು. ಅನಸೂಯಾ ರೂಮು ನೋಡಲು ಹೋದಲ್ಲೆಲ್ಲ ಬೀದಿಯವರೆಗೆ ಸಾಲು. ಸಾಲಿನಲ್ಲಿ ಇದ್ದವರೆಲ್ಲ ಅವರ ವಯಸ್ಸಿನ ಅರ್ಧದವರು. ಒಂದು ಕಡೆ ಬಾಗಿಲು ತೆಗೆದವನು, “ನಿಮ್ಮ ಮಗಳಿಗಾ ರೂಮು?” ಎಂದು ಕೇಳಿದ. ಅವರು ಛತ್ರಿ ಬಿಚ್ಚಿಕೊಂಡು ವಾಪಸು ಬಂದರು. ಆ ವಾರ ಅವರು ಯಾವ ಮನೆಯನ್ನೂ ನೋಡಲಿಲ್ಲ. ಊರಿಗೆ ಹೋಗಿಬಿಡುವುದೇ ಎಂದು ಯೋಚಿಸಿದ್ದಾಗಿ ಆಮೇಲೆ ತಿಳಿಸಿರುತ್ತಾರೆ. ಟಾಲಾದಲ್ಲಿ ಈ ಯೋಜನೆಯ ಮನೆಗಳು ಎದ್ದಿವೆಯೆಂದು ಪತ್ತೆ ಹಚ್ಚಿ, ಇಬ್ಬರ ಹೆಸರಲ್ಲೂ ಅರ್ಜಿ ಹಾಕಿದ್ದು ನಿಖಿತಾ. ಲಾಟರಿಯಲ್ಲಿ ಹೆಸರು ಬಂತು. ‘ಪರಸ್ಪರ ಸಂಬಂಧ’ ಎಂಬ ಕಲಮಿನೆದುರು ಅವಳು ‘ಒಂದೇ ಗ್ರೈಂಡರ್’ ಎಂದು ನಮೂದಿಸಿದ್ದಳು. ಗ್ರೈಂಡರ್ ರಕ್ತಸಂಬಂಧವೇ, ಮದುವೆಯಿಂದ ಬಂದದ್ದೇ ಎಂದು ಸ್ಪಷ್ಟೀಕರಣ ಕೋರಲಾಯಿತು. ಉತ್ತರ ತೃಪ್ತಿಕರವಾಗಿಲ್ಲದ ಕಾರಣ ಸ್ಥಳ ಪರಿಶೀಲನೆಗೆ ಆದೇಶಿಸಲಾಯಿತು.

೪. ಸ್ಯಾಂಟ್ರಿಯ ಮನೆಗೆ ಪರಿಶೀಲನೆಗೆ ಹೋದವರು ಮರೇಡ್ ಡೋಲನ್. ಇಲಾಖೆಯಲ್ಲಿ ಹಳಬರು, ಶಾಂತ ಸ್ವಭಾವದವರು. ಅರ್ಜಿದಾರರು ಒಂದೇ ಮನೆಯವರಲ್ಲ ಎಂದು ಅವರು ಬರೆದರೆ ಟಾಲಾದ ಮನೆ ಪಟ್ಟಿಯ ಮುಂದಿನ ಹೆಸರಿಗೆ ಹೋಗುತ್ತಿತ್ತು. ಇದು ಅನಸೂಯಾ, ನಿಖಿತಾ ಇಬ್ಬರಿಗೂ ಗೊತ್ತಿತ್ತು. ಅನಸೂಯಾ ಬೆಳಗಿನಿಂದ ಕಾಫಿ ಮೂರು ಸಲ ಬಿಸಿ ಮಾಡಿದ್ದರು. ಮರೇಡ್ ಅವರು ಹಾಟ್ ಪ್ರೆಸ್ ತೆರೆದರು. ನೀರಿನ ಟ್ಯಾಂಕಿನ ಬಿಸಿಯಲ್ಲಿ ಬಟ್ಟೆ ಬೆಚ್ಚಗಿಡುವ ಈ ಬೀರುವಿನಲ್ಲಿ ಒಂದು ಪಾತ್ರೆ ಇಡ್ಲಿ ಹಿಟ್ಟು ಹುದುಗಿ ಉಕ್ಕಿ, ಟವೆಲ್ಲುಗಳ ಮೇಲೆ ಹರಿದು, ವರದಿಯ ಹಾಳೆಯವರೆಗೆ ಬಂದಿತ್ತು. “ಗ್ರ್ಯಾಂಡ್” (ಎಲ್ಲ ಸರಿಯಿದೆ ಎಂಬುದಕ್ಕೆ ಇಲ್ಲಿನವರ ಮಾತು) ಎಂದು ಮರೇಡ್ ಬಾಗಿಲು ಮುಚ್ಚಿದರು. ಇಲ್ಲಿಯವರೆಗೆ ಪರಿಶೀಲನೆ ನಿಯಮಾನುಸಾರವಾಗಿಯೇ ಇತ್ತು.

೫. ಅನಂತರ ಅವರು ನಿಖಿತಾಳನ್ನು, “ನಿಮ್ಮ ಕೆಲಸ ಸ್ವೋರ್ಡ್ಸ್‌ನಲ್ಲಿ, ನೀವು ಕೇಳಿರುವ ಮನೆ ಟಾಲಾದಲ್ಲಿ. ಊರಿನ ಆ ತುದಿಯಿಂದ ಈ ತುದಿಗೆ ದಿನಾ ಹೇಗೆ ಓಡಾಡುತ್ತೀರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. “ಲುವಾಸ್, ಆಮೇಲೆ ಬಸ್ಸು. ಏನೂ ತೊಂದರೆ ಇಲ್ಲ” ಎಂದಳು ಅವಳು. ಅನಸೂಯಾ ಒಲೆ ಆರಿಸಿದರು. ಮುಂದಿನ ಸಂಭಾಷಣೆ ಕನ್ನಡದಲ್ಲಿ ನಡೆದಿದ್ದು, ಅದರ ಪಾಠವನ್ನು ಇಬ್ಬರಿಂದಲೂ ಆಮೇಲೆ ಪಡೆಯಲಾಗಿದೆ. ಒಬ್ಬರ ಪಾಠವನ್ನು ಇನ್ನೊಬ್ಬರು ಅಲ್ಲಗಳೆದಿರುವುದರಿಂದ ಇಬ್ಬರೂ ಒಪ್ಪಿದಷ್ಟನ್ನು ಮಾತ್ರ ಇಲ್ಲಿ ಕೊಡಲಾಗಿದೆ:

“ಇನ್ಮೇಲೆ ಮನೆಯಿಂದ್ಲೇ ಕೆಲಸ ಅಂದಿದ್ದೆಯಲ್ಲೇ?” ಎಂದರು ಅನಸೂಯಾ.

“ವಾರಕ್ಕೊಂದಿನ ಅಂದಿದ್ದೆ.”

“ವಾರಪೂರ್ತಿ ಅಂದೆ. ಈ ಕಿವಿಯಲ್ಲೇ ಕೇಳಿದೀನಿ.”

“ಹಂಗೆ ಹೇಳ್ದೆ ಇದ್ದಿದ್ರೆ ನೀವು ಸಹಿ ಹಾಕ್ತಿದ್ರಾ?”

“ಸುಳ್ಳಿ! ಸ್ವೋರ್ಡ್ಸಲ್ಲಿ ನಿನ್ನ ಫ್ರೆಂಡ್ ಹರ್ಷಿತಾ ಮನೇಲಿ ರೂಮ್ ಖಾಲಿ ಐತೆ ತಾನೆ? ಹೋಗಲ್ಲಿಗೆ. ಆಫೀಸಿಗೆ ನಡ್ಕೊಂಡು ಹೋಗ್ಬೋದು. ನನಗೋಸ್ಕರ ಯಾಕೆ ಬಸ್ಸಲ್ಲಿ ಸಾಯ್ತೀಯ? ನನ್ನ ಸಾಕು ಅಂತ ನಿನ್ನ ಕೇಳಿದ್ನಾ ನಾನು?”

“ಯಾರ್ರೀ ನಿಮಗೋಸ್ಕರ ಅಂದಿದ್ದು? ಎಲ್ಲಾ ನೀವೇ ಅಂದ್ಕೊತೀರ!”

“ಇಮ್ಮರ್ಶನ್ ಆಫ್ ಮಾಡೋದು ನೆನಪಿರಲ್ಲ ನಿಂಗೆ, ದಿನಾ ಎರಡು ಸಲ ಊರು ದಾಟ್ತಾಳಂತೆ!”

“ಇಮ್ಮರ್ಶನ್ ಎಲ್ಲಿಂದ ಬಂತೀಗ?”

೬. ಇಮ್ಮರ್ಶನ್ ಎಂದರೆ ಸ್ನಾನದ ನೀರು ಕಾಯಿಸುವ ವಿದ್ಯುತ್ ವ್ಯವಸ್ಥೆ. ಅದನ್ನು ಆರಿಸಲು ಮರೆಯುವುದು ಈ ದೇಶದ ಪ್ರತಿ ಮನೆಯಲ್ಲೂ ಅಕ್ಷಮ್ಯ ಅಪರಾಧವೆಂಬುದು ಸಿಬ್ಬಂದಿಗೆ ಹೊಸದಾಗಿ ಹೇಳಬೇಕಾದ್ದಲ್ಲ. ಆವರೆಗೆ ಒಂದಕ್ಷರವೂ ಅರ್ಥವಾಗದೆ ಕಾಫಿ ಲೋಟ ಹಿಡಿದು ಕೂತಿದ್ದ ಮರೇಡ್ ಅವರು ಆ ಒಂದು ಪದ ಕಿವಿಗೆ ಬಿದ್ದದ್ದೇ ನೆಟ್ಟಗೆ ಕೂತರು. ಜಗಳ ಅಲ್ಲಿಂದ ಸಿಂಕಿನಲ್ಲಿ ಸಿಕ್ಕಿಕೊಳ್ಳುವ ಕೂದಲಿಗೆ, ಅಲ್ಲಿಂದ ಹಿಟ್ಟು ಬಿದ್ದ ಟವೆಲ್ಲಿಗೆ, ಅಲ್ಲಿಂದ ನಿಖಿತಾಗೆ ಜ್ವರ ಬಂದಾಗ ಅನಸೂಯಾ ರಜೆ ಹಾಕಿದ್ದಕ್ಕೆ, ರಜೆ ಹಾಕಬೇಡಿ ಎಂದಿದ್ದರೂ ಹಾಕಿದ್ದಕ್ಕೆ ಹೋಯಿತು. ಗೋಡೆಯಾಚೆಯಿಂದ ನೆರೆಮನೆಯವರು ಎರಡು ಸಲ ತಟ್ಟಿದರು. “ಅಲ್ಲಿ ಇಳಿ, ಇಲ್ಲಿ ಹತ್ತು, ಮಳೇಲಿ ನೆನಿ. ಯಾಕೆ ಬೇಕಿತ್ತು ನಿಂಗೆ ಇದು?” ಎಂದು ಅನಸೂಯಾ ಮತ್ತೆ ಅಲ್ಲಿಗೇ ಬಂದಾಗ ನಿಖಿತಾ ಹೇಳಿಯೇಬಿಟ್ಟಳು:

“ಎಷ್ಟು ಬಸ್ಸಾದ್ರೂ ಪರ್ವಾಗಿಲ್ಲ ಅಕ್ಕಾ. ಬಾಗಿಲು ತೆಗೆದ್ರೆ ಒಳಗಡೆ ಬೈಯೋಕೆ ಯಾರಾದ್ರೂ ಇರ್ಬೇಕು ನಂಗೆ.”

ಅನಸೂಯಾ ಒಲೆಯ ಪಕ್ಕದ ಬಟ್ಟೆ ತೆಗೆದುಕೊಂಡು, ಒರೆಸಿದ ಕಡೆಯೇ ಮತ್ತೆ ಒರೆಸುತ್ತ ನಿಂತರು. ತಮ್ಮನ್ನು ಯಾರಾದರೂ ಸಾಕಬೇಕಾದೀತೆಂಬ ಹೆದರಿಕೆ ಅವರಿಗೆ ಇಷ್ಟು ದಿನ ಇತ್ತು. ತಾವು ಯಾರಿಗಾದರೂ ಬೇಕಾಗಿರಬಹುದೆಂದು ಹೊಳೆದಿರಲಿಲ್ಲ. ಆಮೇಲೆ ತಿರುಗಿ ಮರೇಡ್ ಅವರಿಗೆ, “ತಿಂಡಿ ತಿಂದ್ಕೊಂಡೇ ಹೋಗ್ಬೇಕು” ಎಂದು ಕನ್ನಡದಲ್ಲೇ ಅಂದುಬಿಟ್ಟರು. ಅದು ಮಾತ್ರ ಅನುವಾದವಿಲ್ಲದೆ ಅರ್ಥವಾಯಿತೆಂದು ವರದಿಯಲ್ಲಿದೆ.

೭. ಮರೇಡ್ ಅವರು ತಮ್ಮ ಶಿಫಾರಸಿನಲ್ಲಿ ಒಂದೇ ಸಾಲು ಬರೆದರು: “ಇವರು ಒಂದೇ ಮನೆಯವರಲ್ಲವೆಂದಾದರೆ ನಾನೂ ನನ್ನ ಅಕ್ಕನೂ ಅಲ್ಲ.” ಮಂಜೂರಾತಿ ಸಮಿತಿಯು ದೀರ್ಘವಾಗಿ ಚರ್ಚಿಸಿ, ಹೊರಗಿನವರ ಜೊತೆ ಯಾರೂ ಇಷ್ಟು ಶ್ರಮ ವಹಿಸಿ ಜಗಳವಾಡುವುದಿಲ್ಲ ಎಂಬ ಅಭಿಪ್ರಾಯಕ್ಕೆ ಬಂದು, ಮನೆಯನ್ನು ಮಂಜೂರು ಮಾಡಿದೆ. ನಿಖಿತಾ ಬೇರೆ ಕೆಲಸ ಹತ್ತಿರದಲ್ಲೇ ಹುಡುಕಬೇಕು, ಅಲ್ಲಿಯವರೆಗೆ ತಿಂಡಿ ಡಬ್ಬಿ ಬೇಡ ಅನ್ನಕೂಡದು ಎಂದು ಅನಸೂಯಾ ಹಾಕಿದ ಷರತ್ತುಗಳು ಖಾಸಗಿಯಾದವು. ಬಾಡಿಗೆ ಕರಾರಿನ ಭಾಗವಾಗುವುದಿಲ್ಲ. ಹೊಸ ಮನೆಗೂ ತೆರಿಗೆ ರಿಯಾಯಿತಿ ಸಿಗುತ್ತದೆಯೇ ಎಂಬುದನ್ನು ತೆರಿಗೆ ಇಲಾಖೆಯೇ ಹೇಳಬೇಕು. ಆ ಬಗ್ಗೆ ಜಗಳವಾಡಬಯಸುವವರು ಅಲ್ಲಿಗೇ ಹೋಗಿ ಆಡತಕ್ಕದ್ದು.

೮. ಈ ಮಂಜೂರಾತಿಯ ಸುದ್ದಿ ಹೇಗೋ ಹೊರಬಿದ್ದು, ಅರ್ಜಿದಾರರು ಎಲ್ಲೆಡೆ ಜಗಳವಾಡತೊಡಗಿರುವುದು ವಿಷಾದನೀಯ. ಮೂವರು ವಿದ್ಯಾರ್ಥಿಗಳು ಜಗಳವನ್ನು ಬರೆದು ಬಾಯಿಪಾಠ ಮಾಡಿಕೊಂಡಿದ್ದು, ಒಬ್ಬನ ಬೈಗುಳವನ್ನು ಇನ್ನೊಬ್ಬ ಹೇಳಿದ್ದರಿಂದ ಸಿಕ್ಕಿಬಿದ್ದಿದ್ದಾರೆ. ಸ್ವೋರ್ಡ್ಸ್‌ನ ದಂಪತಿಗಳಿಬ್ಬರು ತಾವು ಎಂದೂ ಜಗಳವಾಡಿಲ್ಲವೆಂದು ಕಣ್ಣೀರಿಟ್ಟಿದ್ದು, ಅವರಿಗೆ ಕಾಲಾವಕಾಶ ಕೊಡಲಾಗಿತ್ತು. ಇಷ್ಟು ವರ್ಷ ಜಗಳವಾಡದಿರಲು ಯಾರು ಕಾರಣ ಎಂಬ ವಿಷಯದಲ್ಲಿ ಅವರು ಕೊನೆಗೆ ಆಡಿದ ಜಗಳವನ್ನು ಅಂಗೀಕರಿಸಲಾಗಿದೆ.

೯. ಮೇಲ್ಕಂಡ ಕಾರಣಗಳಿಗಾಗಿ ಎಲ್ಲ ಪರಿಶೀಲನಾಧಿಕಾರಿಗಳಿಗೆ ಈ ಮೂಲಕ ಸೂಚಿಸುವುದೇನೆಂದರೆ:

(ಅ) ಇಮ್ಮರ್ಶನ್, ಹಾಲು ಮುಗಿಸಿ ಖಾಲಿ ಡಬ್ಬ ಫ್ರಿಜ್ಜಿನಲ್ಲಿಟ್ಟವರು ಯಾರು, ಈ ವಾರ ಯಾವ ಬಣ್ಣದ ಕಸದ ಬಿನ್ನು ಹೊರಗಿಡಬೇಕು, ಇವು ಅಂಗೀಕೃತ ವಿಷಯಗಳು. ರಾಜಕೀಯದ ಜಗಳವನ್ನು ಪರಿಗಣಿಸತಕ್ಕದ್ದಲ್ಲ. ಅದನ್ನು ಗುರುತಿಲ್ಲದವರೂ ಆಡುತ್ತಾರೆ.

(ಆ) ಅಧಿಕಾರಿಗಳು ಯಾರ ಪಕ್ಷವನ್ನೂ ವಹಿಸಕೂಡದು. ಬಿನ್ನಿನ ವಿಷಯದಲ್ಲಿ ಬಾಯಿ ಹಾಕಿದ ಅಧಿಕಾರಿಯೊಬ್ಬರನ್ನು ಅರ್ಜಿದಾರರು ಒಗ್ಗಟ್ಟಿನಿಂದ ಹೊರಹಾಕಿದ್ದು, ಆ ಒಗ್ಗಟ್ಟನ್ನೇ ಪುರಾವೆಯೆಂದು ಪರಿಗಣಿಸಬೇಕಾಯಿತು.

(ಇ) ಮಾತು ಬಿಟ್ಟಿರುವುದೂ ಜಗಳವೇ. ಆದರೆ ಅದು ಮುಗಿಯುವವರೆಗೆ ಅಧಿಕಾರಿ ಸ್ಥಳದಲ್ಲೇ ಇರತಕ್ಕದ್ದು. ಹೀಗೆ ಹೋದವರೊಬ್ಬರು ಇನ್ನೂ ಹಿಂತಿರುಗಿಲ್ಲ. ಅವರ ಮೇಜನ್ನು ಬೇರೆಯವರಿಗೆ ಕೊಡಲಾಗಿದೆ.

(ಈ) ಬೆಕ್ಕು, ನಾಯಿಗಳ ಜೊತೆಗಿನ ಜಗಳಕ್ಕೆ ಒಂದು ಕೋಣೆಯ ಮನೆ ಮಾತ್ರ.

(ಉ) ಜಗಳದ ಕೊನೆಗೆ ರಾಜಿ ಕಡ್ಡಾಯವಲ್ಲ. ಇಬ್ಬರಿಗೂ ಬಡಿಸಿರುವುದು ಕಡ್ಡಾಯ.

೧೦. ಮೇಲಿನ ಸೂಚನೆಗಳನ್ನು ಉಲ್ಲಂಘಿಸುವವರ ಬಗ್ಗೆ ಏನು ಮಾಡಬೇಕೆಂದು ಸಮಿತಿಯಲ್ಲಿ ಒಮ್ಮತ ಮೂಡಿಲ್ಲ. ಸದಸ್ಯರು ಪರಸ್ಪರ ಮಾತು ಬಿಟ್ಟಿರುತ್ತಾರೆ.

ಸಹಿ/-
ಉಪ ನಿರ್ದೇಶಕರು (ಜಗಳ)
ಹೆಚ್ಚುವರಿ ಪ್ರಭಾರ: ರಾಜಿ

ಪ್ರತಿಗಳು:
೧. ಎಲ್ಲ ಪರಿಶೀಲನಾಧಿಕಾರಿಗಳಿಗೆ, ಕರೆಗಂಟೆ ಒತ್ತುವ ಮುನ್ನ ಓದಿಕೊಳ್ಳಲು.
೨. ತೆರಿಗೆ ಇಲಾಖೆಗೆ, ಮಾಹಿತಿಗಾಗಿ. ಉತ್ತರ ಅಪೇಕ್ಷಿಸಿಲ್ಲ.
೩. ಸ್ಯಾಂಟ್ರಿಯ ನೆರೆಮನೆಯವರಿಗೆ. ಗೋಡೆಯಾಚೆ ಈಗ ಸದ್ದೇ ಇಲ್ಲವೆಂದು ಅವರು ಕೊಟ್ಟಿರುವ ಹೊಸ ದೂರು ಸ್ವೀಕೃತವಾಗಿದೆ.
೪. ಮರೇಡ್ ಡೋಲನ್ ಅವರ ಅಕ್ಕನಿಗೆ, ಮರೇಡ್ ಅವರ ಕೋರಿಕೆಯ ಮೇರೆಗೆ.
೫. ಅನಸೂಯಾ ಮತ್ತು ನಿಖಿತಾ, ಟಾಲಾ: ಇಬ್ಬರಿಗೂ ಸೇರಿ ಒಂದೇ ಪ್ರತಿ, ಒಂದೇ ಲಕೋಟೆಯಲ್ಲಿ.