ಮೂರನೆಯ ಸೀನಿಗೆ ಇಳಿಸತಕ್ಕದ್ದು

“ಶಾಂತವ್ವ ಹುರಿಯೂ ಗುಟ್ಟು ಸೆರಗಿನ್ಯಾಗ ಕಟ್ಟಿಗೊಂಡು ಹೋದಳು. ಅದಕ್ಕ ಕಾಕಾನ ಖಾರ ಬಂದ್ ಆತು.”

ಬ್ಯಾಡಗಿಯ ಬಸ್ ನಿಲ್ದಾಣದ ಚಹಾದಂಗಡಿಯಿಂದ ರಾಣೇಬೆನ್ನೂರಿನ ಖಾನಾವಳಿಗಳವರೆಗೆ ಈ ಮಾತು ಓಡಾಡುತ್ತಿದೆ. ಇದರಲ್ಲಿ ಎರಡು ಸಂಗತಿಗಳು ನಿಜ. ಶಾಂತವ್ವ ಹೋದದ್ದು ನಿಜ. ನನ್ನ ಖಾರದಪುಡಿಯ ವ್ಯಾಪಾರ ಬಂದ್ ಆದದ್ದೂ ನಿಜ. ಸುಳ್ಳಿರುವುದು ಸೆರಗಿನ ಗುಟ್ಟಿನಲ್ಲಿ, ಮತ್ತು ಅದರ ಮೇಲೆ ನಿಂತ ಒಂದು ಪದದಲ್ಲಿ: “ಅದಕ್ಕ”. ಆ ಒಂದು ಪದವನ್ನು ಕಿತ್ತುಹಾಕುವ ಸಲುವಾಗಿ ಈ ಬರಹ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಆಮೇಲಿನ ವಿದ್ಯೆಯೆಲ್ಲ ಕೈಗೆ ಸಿಕ್ಕ ಕಾಗದಗಳಿಂದ ಬಂದದ್ದು. ಬೆಲ್ಲ ಕಟ್ಟಿ ಬಂದ ಕಾಗದವನ್ನು ಸಹ ಓದದೆ ಬಿಸಾಡಿದವನಲ್ಲ. ಹೀಗೆ ಓದಿದವನಿಗೆ ಅಂಟುವ ರೋಗವೊಂದಿದೆ. ಯಾರು ಏನು ಹೇಳಿದರೂ “ಇದಕ್ಕೆ ಆಧಾರವೇನು?” ಎಂದು ಕೇಳುವುದು. ಪಂಚಾಂಗದವರನ್ನು ಕೇಳಿದ್ದೇನೆ, ಪತ್ರಿಕೆಯವರನ್ನು ಕೇಳಿದ್ದೇನೆ, ನನ್ನ ಮದುವೆಯ ದಿನ ಪುರೋಹಿತರನ್ನೂ ಕೇಳಿದ್ದೇನೆ. ಎಪ್ಪತ್ತು ವರ್ಷ ಯಾರನ್ನೂ ನಂಬದೆ ಉಳಿದ ನಾನು, ಹಾವೇರಿಯಲ್ಲಿ ನಡೆದ ಒಂದು ದಿನದ ತರಬೇತಿ ಶಿಬಿರದಲ್ಲಿ ಟೈ ಕಟ್ಟಿದ ಒಬ್ಬನನ್ನು ನಂಬಿದೆ.

ಪೂರ್ತಿಯಾಗಿ ನಂಬಿದೆ!

ಶಿಬಿರದ ವಿಷಯ, ಸಣ್ಣ ವ್ಯಾಪಾರವನ್ನು ಬೆಳೆಸುವುದು ಹೇಗೆ ಎಂಬುದು. ಟೈ ಕಟ್ಟಿದವನು ಗೋಡೆಯ ಮೇಲೆ ಚಿತ್ರ ಬಿಡುತ್ತ ಹೇಳಿದ: “ನಿಮ್ಮ ವ್ಯಾಪಾರ ಯಾರ ತಲೆಯೊಳಗೂ ಇರಬಾರದು, ಕಾಗದದ ಮೇಲಿರಬೇಕು. ಯಾವ ವ್ಯಕ್ತಿಯೂ ಅನಿವಾರ್ಯನಾಗಬಾರದು.” ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿದೆ. ಏಕೆಂದರೆ ನನ್ನ ವ್ಯಾಪಾರ ಯಾರ ತಲೆಯೊಳಗೂ ಇರಲಿಲ್ಲ. ಅದು ಒಬ್ಬ ಹೆಂಗಸಿನ ಮೂಗಿನೊಳಗಿತ್ತು.

ಆ ಹೆಂಗಸೇ ಶಾಂತವ್ವ. ಕದರಮಂಡಲಗಿಯವಳು. ಹದಿನೈದು ವರ್ಷ ದಿನಾ ಬಸ್ಸಿನಲ್ಲಿ ಬಂದು ನನ್ನ ಗಿರಣಿಯಲ್ಲಿ ಮಸಾಲೆ ಖಾರಕ್ಕೆ ಮೆಣಸಿನಕಾಯಿ ಹುರಿದವಳು. ಕಡಾಯಿಯ ಮುಂದೆ ಕುಳಿತು, ಎಣ್ಣೆಯ ಕೈಯಾಡಿಸಿ ಹುರಿಯತೊಡಗಿದರೆ ಆಕೆ ಗಡಿಯಾರ ನೋಡಿದವಳಲ್ಲ. ಘಾಟು ಏರುತ್ತಿದ್ದಂತೆ ಒಂದು ಸೀನು ಬರುತ್ತಿತ್ತು. ಕಾಯಿಯ ಹಸಿ ಹೋಯಿತೆಂದು ಅರ್ಥ. ಎರಡನೆಯದು ಬಂದರೆ ಬಣ್ಣ ಹಿಡಿಯಿತೆಂದು. ಮೂರನೆಯ ಸೀನಿಗೆ ಕಡಾಯಿ ಕೆಳಗೆ! ಆ ಖಾರ ವರ್ಷವಿಟ್ಟರೂ ಕೆಡುತ್ತಿರಲಿಲ್ಲ. ರಾಣೇಬೆನ್ನೂರಿನ ಖಾನಾವಳಿಯ ಕೊಟ್ರಪ್ಪ ತಿಂಗಳು ತಿಂಗಳು ನಮ್ಮಲ್ಲಿಂದಲೇ ಒಯ್ಯುತ್ತಿದ್ದ. ನನ್ನ ವ್ಯಾಪಾರದ ಬೆನ್ನೆಲುಬೇ ಅವನು.

ಆದರೆ ಶಾಂತವ್ವ ಬಾರದ ದಿನ ಒಲೆ ಹೊತ್ತುತ್ತಿರಲಿಲ್ಲ. ನಾಳೆ ಆಕೆ ಬಿಟ್ಟರೆ? ಆಕೆಯ ಮೊಣಕಾಲು ಹಿಡಿದರೆ? ಹಾವೇರಿಯಿಂದ ಬರುವಾಗ ಬಸ್ಸಿನಲ್ಲೇ ತೀರ್ಮಾನಿಸಿದೆ: ಶಾಂತವ್ವನ ಮೂಗನ್ನು ಕಾಗದಕ್ಕೆ ಇಳಿಸತಕ್ಕದ್ದು.

ಮನೆಗೆ ಬಂದವನೇ ಹೆಂಡತಿ ಗಿರಿಜಾಗೆ ಘೋಷಿಸಿದೆ. “ಇನ್ನು ಮುಂದೆ ನಮ್ಮಲ್ಲಿ ವ್ಯವಸ್ಥೆ ಇರುತ್ತದೆ.”

“ಇಷ್ಟ್ ದಿನ ಏನಿತ್ತ್ರಿ?”

“ರೂಢಿ ಇತ್ತು.”

“ರೂಢಿ ಮೇಲ ಮೂರು ಮಕ್ಕಳ ಮದುವಿ ಮಾಡೇವಿ. ವ್ಯವಸ್ಥಾ ಬಂದು ಇನ್ನ ಯಾರ ಮದುವಿ ಮಾಡಬೇಕಾಗೇತಿ?”

ನಾನು ಶಿಬಿರದಲ್ಲಿ ಕೊಟ್ಟ ಪುಸ್ತಿಕೆ ತೆರೆದು ಮೊದಲನೆಯ ಪುಟಕ್ಕೆ ಬೆರಳಿಟ್ಟೆ.

ಮೊದಲು ಜಾರಿಗೆ ತಂದದ್ದು ಚೀಟಿಯ ಪದ್ಧತಿ. ಬಾಯಿಮಾತು ನಿಷೇಧ, ಬೇಕಾದದ್ದನ್ನು ಚೀಟಿಯಲ್ಲಿ ಬರೆಯತಕ್ಕದ್ದು, ಬರೆದದ್ದನ್ನು ಬರೆದಂತೆ ಪಾಲಿಸತಕ್ಕದ್ದು, ಪ್ರಶ್ನಿಸತಕ್ಕದ್ದಲ್ಲ. ನಮ್ಮ ಸಾಮಾನು ಹೇರುವ ಆಟೋದ ಬಸಣ್ಣನಿಗೆ ಮೊದಲ ಚೀಟಿ ನಾನೇ ಬರೆದುಕೊಟ್ಟೆ: “ಡಬ್ಬಿ, ನಾಲ್ಕು ಚೀಲ. ಜರೂರು.” ಕೊಟ್ರಪ್ಪನ ಖಾರ ತುಂಬಲು ಪ್ಲಾಸ್ಟಿಕ್ ಡಬ್ಬಿ ಬೇಕಾಗಿದ್ದವು. ಅವು ಚೀಲದಲ್ಲಿ ಬರುತ್ತವೆ.

ಬಸಣ್ಣ ಸಂಜೆಗೆ ನಾಲ್ಕು ಚೀಲ ಇಳಿಸಿದ. ಬಿಚ್ಚಿ ನೋಡಿದರೆ ಮೆಣಸಿನಕಾಯಿ! ಗಿಡ್ಡಗೆ, ಗುಂಡಗೆ, ಸುಕ್ಕುಗಟ್ಟಿದ ಕಡುಗೆಂಪು ಡಬ್ಬಿ ಕಾಯಿ. ಪೇಟೆಯಲ್ಲಿ ಎಲ್ಲಕ್ಕಿಂತ ತುಟ್ಟಿಯಾದದ್ದು.

“ಏನೋ ಬಸಣ್ಣಾ ಇದು?”

“ಡಬ್ಬಿರಿ.”

“ಡಬ್ಬಿ ಅಂದ್ರ ಡಬ್ಬಿ ಅಲ್ಲೇನೋ!”

“ಬ್ಯಾಡಗಿಯಾಗ ಹುಟ್ಟಿದಾವ ಅದೇನಿ, ಡಬ್ಬಿ ಅಂದ್ರ ಮತ್ತೇನ ತರ್ಲಿರಿ? ಕೇಳಬೇಕಂತ ಅರ್ಧಾ ದಾರಿಯಿಂದ ತಿರುಗಿ ಬಂದಿದ್ದೆ. ಪ್ರಶ್ನೆ ಕೇಳಬಾರ್ದಂತ ಬಾಗಿಲದಾಗ ಬರದು ಹಚ್ಚೀರಿ. ನೋಡಿ ವಾಪಸ್ ಹೋದೆ.”

ಹೊಸ ಡಬ್ಬಿ ಬರುವ ತನಕ ಕೊಟ್ರಪ್ಪನ ಖಾರವನ್ನು ಗಿರಿಜಾ ಕೂಡಿಟ್ಟಿದ್ದ ತಾಂಬೂಲದ ಬಟ್ಟೆಚೀಲಗಳಲ್ಲಿ ತುಂಬಬೇಕಾಯಿತು. ಆ ತಿಂಗಳು ಖಾನಾವಳಿಗೆ ಹೋದ ಪ್ರತಿಯೊಂದು ಚೀಲದ ಮೇಲೂ “ನವ ವಧೂವರರಿಗೆ ಶುಭ ಕೋರುತ್ತ” ಎಂದಿತ್ತು. ಕೊಟ್ರಪ್ಪ ಫೋನಿನಲ್ಲಿ ನಕ್ಕ. ನಗುವ ಗಿರಾಕಿ ಇನ್ನೂ ಕೈಯಲ್ಲಿದ್ದಾನೆಂದು ನಾನೂ ನಕ್ಕೆ.

ಇಷ್ಟಕ್ಕೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ತಪ್ಪು ವ್ಯವಸ್ಥೆಯದಲ್ಲ, ವ್ಯವಸ್ಥೆ ಸಾಲದೆ ಹೋದದ್ದರದು ಎಂದು ತೀರ್ಪು ಕೊಟ್ಟು, ಮುಖ್ಯ ಕಾರ್ಯಕ್ಕೆ ಕೈಹಾಕಿದೆ.

ಒಂದು ಸೋಮವಾರ ಬೆಳಿಗ್ಗೆ, ಕೈಯಲ್ಲಿ ಗಡಿಯಾರ, ತೊಡೆಯ ಮೇಲೆ ದಪ್ಪ ಹಾಳೆ ಇಟ್ಟುಕೊಂಡು ಕಡಾಯಿಯ ಎದುರು ಕುಳಿತೆ. ಹಾಳೆಯಲ್ಲಿ ನಾಲ್ಕು ಅಂಕಣ ಎಳೆದಿದ್ದೆ: ಅನುಕ್ರಮ, ಕ್ರಿಯೆ, ವೇಳೆ, ಷರಾ. ಕೆಲಸದವರ ಅಭಿಪ್ರಾಯಕ್ಕೂ ಜಾಗವಿರಬೇಕೆಂದು ಟೈ ಕಟ್ಟಿದವನು ಹೇಳಿದ್ದ. ಆದ್ದರಿಂದ ಬಲತುದಿಗೆ, ಬೆರಳಗಲದ ಷರಾ.

ಶಾಂತವ್ವ ಅಂದು ತಲೆಗೆ ಸೆರಗು ಬಿಗಿದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಬಂದಿದ್ದಳು. ಘಾಟಿನ ಮುಂದೆ ಕೂರುವವರ ಕಣ್ಣು ಕೆಂಪಗಿರುವುದರಲ್ಲಿ ನನಗೇನೂ ವಿಶೇಷ ಕಾಣಲಿಲ್ಲ.

“ಕಾಕಾರ, ಇವತ್ತ ಬ್ಯಾಡ್ರಿ. ಒಂದು ಮಾತು...”

“ಮಾತು ಬ್ಯಾಡ ಶಾಂತವ್ವಾ. ಸೀನು!”

“ಅಲ್ರೀ, ನಾ ಏನ್ ಹೇಳಾಕತ್ತೇನಂದ್ರ...”

“ಹೇಳೂದಿದ್ರ ಷರಾದಾಗ ಬರಿ. ಅದಕ್ಕಂತ ಜಾಗಾ ಬಿಟ್ಟೇನಿ.”

ಆಕೆ ನಾಲ್ಕನೆಯ ಇಯತ್ತೆ ಓದಿದ ಹೆಂಗಸು. ಪೆನ್ನು ಇಸಿದುಕೊಂಡು, ತುದಿಗೆ ಎರಡು ಪದ ಗೀಚಿದಳು. ಆಮೇಲೆ ಕಡಾಯಿಯ ಮುಂದೆ ಕುಳಿತಳು. ನಾನು ಗಡಿಯಾರ ಹಿಡಿದೆ. ಕಾಯಿ ಹಾಕಿದ ಎರಡನೆಯ ನಿಮಿಷಕ್ಕೆ ಮೊದಲ ಸೀನು! ಮೂರನೆಯ ನಿಮಿಷಕ್ಕೆ ಎರಡನೆಯದು! ನಾಲ್ಕಕ್ಕೆ ಮೂರನೆಯದು! ಹದಿನೈದು ವರ್ಷ ಗುಟ್ಟಾಗಿದ್ದದ್ದು ನಾಲ್ಕೇ ನಿಮಿಷದಲ್ಲಿ ನನ್ನ ವಶವಾಯಿತು. ಮಿಕ್ಕ ಸಮಯವನ್ನೆಲ್ಲ ಈ ಹೆಂಗಸು ಹಾಳು ಮಾಡುತ್ತಿದ್ದಳಲ್ಲ ಎಂದು ಒಳಗೊಳಗೇ ಕನಿಕರಪಟ್ಟೆ ಸಹ. ಉರುವಲು ಉಳಿತಾಯ, ವೇಳೆ ಉಳಿತಾಯ!

“ಇಳಸು,” ಎಂದೆ.

“ಕಾಯಿ ಇನ್ನ ಹಸಿ ಐತ್ರಿ ಕಾಕಾರ.”

“ಮೂರು ಸೀನು ಬಂದ್ವೋ ಇಲ್ಲೋ?”

“ಬಂದ್ವು. ಆದ್ರ...”

“ಬಂದ್ವು ಅಂದಮ್ಯಾಲ ಬಂದ್ವು.”

ಹಾಳೆಯನ್ನು ಹಾವೇರಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿ, ಒಲೆಯ ಮೇಲಿನ ಗೋಡೆಗೆ ನಾಲ್ಕು ಮೊಳೆ ಹೊಡೆದೆ. ಮರುವಾರ ಬಸಣ್ಣನಿಗೆ ನನ್ನ ಗಡಿಯಾರ ಕೊಟ್ಟು ಕಡಾಯಿಯ ಮುಂದೆ ಕೂರಿಸಿದೆ. ಶಾಂತವ್ವನಿಗೆ ಡಬ್ಬಿಗಳ ಮೇಲೆ ಹೆಸರಿನ ಚೀಟಿ ಅಂಟಿಸುವ ಕೆಲಸ ಒಪ್ಪಿಸಿದೆ. ಕೆಳಗಿಳಿಸುವ ಉದ್ದೇಶವಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ಹೇಳಿಕೆಗೂ ಆಧಾರವಿಲ್ಲ. ಒಬ್ಬ ಹೆಂಗಸಿನ ಸೀನಿಗೆ ಕಾಯುತ್ತ ಕೂರುವ ಮಾಲಕ ಎಂಬುದು ನನಗೆ ಮೊದಲಿನಿಂದಲೂ ಚುಚ್ಚುತ್ತಿತ್ತು.

ಆಕೆ ಮೂರು ದಿನ ಚೀಟಿ ಅಂಟಿಸಿದಳು. ಒಂದೂ ಸೊಟ್ಟಗಿರಲಿಲ್ಲ. ನಾಲ್ಕನೆಯ ದಿನ ಗೋಡೆಯ ಹಾಳೆಯನ್ನು ತೋರಿಸಿ ಹೇಳಿದಳು: “ಹುರಿಯಾಕ ಅದಕ್ಕ ಬರತೈತಲ್ರಿ ಕಾಕಾರ. ನಾ ಬರ್ತೇನ್ರಿ.” ಜಗಳವಿಲ್ಲ, ಕಣ್ಣೀರಿಲ್ಲ. ಸೆರಗಿಗೆ ಅಂಟಿದ್ದ ಗೋಂದನ್ನು ನೀರು ಹಚ್ಚಿ ಒರೆಸಿಕೊಂಡು ಬಸ್ಸಿಗೆ ಹೋದಳು.

ಬಾಗಿಲಲ್ಲಿ ನಿಂತಿದ್ದ ಗಿರಿಜಾ ಅಂದಳು: “ಹೋಗಿ ಕರೀರಿ.”

“ಯಾವ ವ್ಯಕ್ತಿಯೂ ಅನಿವಾರ್ಯನಲ್ಲ.”

“ಹಂಗಾರ ನಾಳಿಂದ ರೊಟ್ಟಿ ಬಡಿಯೂದೂ ಗ್ವಾಡಿಗೆ ಬರದು ಹಚ್ಚ್ರಿ.”

ಮುಂದಿನ ತಿಂಗಳು ಕೊಟ್ರಪ್ಪ ತಾನೇ ಬಂದ. ಕೈಯಲ್ಲಿ ನಮ್ಮ ಹೊಸ ಡಬ್ಬಿ. ಮುಚ್ಚಳ ತೆಗೆದು ಬೋರಲು ಹಾಕಿದ. ಖಾರ ಬೀಳಲಿಲ್ಲ. ತಳಕ್ಕೆ ಬಡಿದ. ಡಬ್ಬಿಯ ಆಕಾರದ ಒಂದೇ ಗಟ್ಟಿ ಹೆಂಟೆ ಮೇಜಿನ ಮೇಲೆ ಕುಳಿತಿತು, ಮಕ್ಕಳು ಮರಳಿನಲ್ಲಿ ಮಾಡುವ ಗುಡಿಯಂತೆ. ಮೇಲೆ ಬಿಳಿ ಬೂಷ್ಟು.

“ಕಾಕಾರ, ನಾಲ್ಕು ದಿನದಿಂದ ಗಿರಾಕಿ ಸಾರು ಬಿಟ್ಟು ಏಳಾಕತ್ತಾರ್ರಿ.”

ಆ ಗಳಿಗೆಯಲ್ಲಿ ಮನುಷ್ಯನಾದವನು ಕ್ಷಮೆ ಕೇಳುತ್ತಾನೆ. ನಾನು ಮೇಜಿನ ಖಾನೆ ತೆಗೆದು ಒಂದು ನಮೂನೆ ಮುಂದಿಟ್ಟೆ. ಗಿರಾಕಿಯ ದೂರು ದಾಖಲಾತಿ, ಎರಡು ಪ್ರತಿಗಳಲ್ಲಿ!

ಕೊಟ್ರಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ. “ನಾ ಫಾರಂ ತುಂಬಾಕ ಬಂದಿಲ್ರಿ. ಹದಿನೈದು ವರ್ಷ ನಿಮ್ಮ ಖಾರದ ಮ್ಯಾಲ ಖಾನಾವಳಿ ನಡಸೇನಿ, ಮಾರಿ ಮುಂದ ಹೇಳಿ ಹೋಗೂನಂತ ಬಂದೆ.” ಡಬ್ಬಿಯನ್ನು ಅಲ್ಲೇ ಬಿಟ್ಟು ನಡೆದ. ದೂರಿನ ನಮೂನೆ ಇಂದಿಗೂ ಕೋರಾ ಇದೆ, ಒಂದಕ್ಷರ ಬಿದ್ದಿಲ್ಲ.

ಆಗ ಕದರಮಂಡಲಗಿಯ ಬಸ್ಸು ಹತ್ತಿದೆ. ಶಾಂತವ್ವ ಮನೆಯ ಹಿತ್ತಲಿನಲ್ಲಿ ಓಣಿಯವರ ಕಾಯಿ ಹುರಿಯುತ್ತಿದ್ದಳು. ನಾನು ಹೊಸ್ತಿಲು ದಾಟುವಾಗಲೇ ಎರಡನೆಯ ಸೀನು ಕೇಳಿಸಿತು. ಆಕೆ ಕೈಯೆತ್ತಿ ನನ್ನನ್ನು ತಡೆದಳು. ನಾನು ನಿಂತೆ. ಎಷ್ಟೋ ಹೊತ್ತು ನಿಂತೆ. ನಾಲ್ಕು ನಿಮಿಷವಂತೂ ಅಲ್ಲ. ಮೂರನೆಯ ಸೀನು ಬಂತು, ಕಡಾಯಿ ಕೆಳಗಿಳಿಯಿತು.

“ಬರ್ರಿ ಕಾಕಾರ, ಕುಂದರ್ರಿ.”

“ಶಾಂತವ್ವಾ, ಒಂದ ಹೇಳು. ನನ್ನ ಎದುರಿಗೆ ನಾಲ್ಕ ನಿಮಿಷಕ್ಕ ಮೂರು ಸೀನು ಬಂದಿದ್ವಲ್ಲ? ಗುಟ್ಟೇನು?”

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ನಕ್ಕಳು. ಆ ನಗುವಿನಲ್ಲಿ ನನ್ನ ಮೇಲಿನ ಸಿಟ್ಟು ಸಹ ಇರಲಿಲ್ಲ. ಇದ್ದಿದ್ದರೆ ಸಮಾಧಾನವಾಗುತ್ತಿತ್ತು.

“ಗುಟ್ಟೇನ್ ಬಂತ್ರಿ? ಅವತ್ತ ನನಗ ನೆಗಡಿ ಆಗಿತ್ತು. ಹೇಳಾಕ ಬಂದೆ. ಮಾತು ಬ್ಯಾಡ, ಸೀನು ಅಂದ್ರಿ. ಷರಾದಾಗ ಬರಿ ಅಂದ್ರಿ, ಬರದೆ. ನೀವು ಓದಿರ್ತೀರಿ ಅನಕೊಂಡೆ. ನೀವು ಓದಲಾರದ ಕಾಗದ ಎಲ್ಲೈತ್ರಿ?”

“ತಿರುಗಿ ಬಾ ಶಾಂತವ್ವಾ.”

“ಓಣಿಯವ್ರು ಕಾಯಿ ತಂದು ಹಾಕಾಕತ್ತಾರ್ರಿ. ಅವರು ಸೀನಿಗೆ ಕಾಯತಾರ.” ಇಷ್ಟು ಹೇಳಿ ನನಗೆ ಚಹಾ ಕೊಟ್ಟಳು. ಹೊರಡುವಾಗ ಒಂದು ಪೊಟ್ಟಣ ಖಾರವನ್ನೂ ಕೊಟ್ಟಳು. ನನ್ನ ಮನೆಯಲ್ಲಿ ಈಗ ಆ ಖಾರವೇ ಓಡುತ್ತದೆ. ಗಿರಿಜಾ ಸಾರು ಬಡಿಸುವಾಗ ಒಮ್ಮೆ ಸೀನುತ್ತಾಳೆ, ಅಷ್ಟೇ.

ಆದ್ದರಿಂದ ಊರವರಲ್ಲಿ ವಿನಂತಿ: ಶಾಂತವ್ವ ಏನನ್ನೂ ಕಟ್ಟಿಕೊಂಡು ಹೋಗಲಿಲ್ಲ. ಇದ್ದದ್ದನ್ನೆಲ್ಲ ಬರೆದುಕೊಟ್ಟೇ ಹೋದಳು. ಇದಕ್ಕೆ ಆಧಾರವೇನೆಂದು ಕೇಳುವವರು ಬ್ಯಾಡಗಿಗೆ ಬರಬಹುದು. ನನ್ನ ಗಿರಣಿಯ ಜಾಗದಲ್ಲಿ ಈಗ ಪಂಕ್ಚರ್ ಅಂಗಡಿಯಿದೆ. ಅಂಗಡಿಯವರು ಆ ಹಾಳೆಯನ್ನು ಕಿತ್ತಿಲ್ಲ. ಟ್ಯೂಬು ತೂಗುಹಾಕಲು ನಾಲ್ಕು ಮೊಳೆ ಅನುಕೂಲವಾಗಿವೆಯಂತೆ. ಟ್ಯೂಬುಗಳನ್ನು ಸರಿಸಿದರೆ ನನ್ನ ದುಂಡು ಅಕ್ಷರಗಳಲ್ಲಿ ಅನುಕ್ರಮ, ಕ್ರಿಯೆ, ವೇಳೆ ಎಲ್ಲವೂ ಕಾಣುತ್ತವೆ. ಕೆಳಗೆ “ಪರಿಶೀಲಿಸಿ ದೃಢೀಕರಿಸಿದೆ” ಎಂದು ನನ್ನ ಸಹಿ. ಬಲತುದಿಯ ಬೆರಳಗಲದ ಅಂಕಣದಲ್ಲಿ, ಪ್ಲಾಸ್ಟಿಕ್ಕಿನೊಳಗೆ ನೀರೂ ತಾಕದಂತೆ ನಾನೇ ಕಾಪಾಡಿಟ್ಟ ಎರಡು ಪದಗಳಿವೆ:

“ನೆಗಡಿ ಐತಿ.”