ಅಪ್ಪನ ತಿಥಿಗೆ ಬಂದ ಕಾಗೆ

ಕೈಗೆ ಕ್ಯಾಮೆರಾ ಬಂದ ಮೇಲೆ ಮನುಷ್ಯ ಕಂಡದ್ದನ್ನು ಕಂಡ ಹಾಗೆ ಬಿಡುವುದಿಲ್ಲ. ಟ್ರಾಯ್ ಊರಿನ ನಮ್ಮ ಹಿತ್ತಲಿಗೆ ಬರುವ ಹಕ್ಕಿಗಳು ಅಂಥ ವಿಶೇಷದವೇನಲ್ಲ. ಗುಬ್ಬಿ, ರಾಬಿನ್, ಬ್ಲೂ ಜೇ, ಮನಸ್ಸು ಬಂದಾಗ ಒಂದು ಕೆಂಪು ಕಾರ್ಡಿನಲ್. ಅವು ಕಾಳು ತಿಂದು ಹಾರಿಹೋಗುತ್ತವೆ. ಅವುಗಳ ಫೋಟೋವನ್ನು ಕಂಪ್ಯೂಟರಿನಲ್ಲಿ ತೊಳೆದು, ಒರೆಸಿ, ಹಿಂದಿನ ಬೇಲಿ ಅಳಿಸಿ, ಕೆಂಪಿಗೆ ಇನ್ನಷ್ಟು ಕೆಂಪು ಸೇರಿಸುವುದರಲ್ಲಿ ನನ್ನ ಶನಿವಾರ, ಭಾನುವಾರ ಎರಡೂ ಮುಗಿಯುತ್ತವೆ. "ಹಕ್ಕಿಗೆ ಮಾಡೋ ಅಲಂಕಾರದಲ್ಲಿ ಅರ್ಧ ನಮ್ಮ ಲಾನಿಗೆ ಮಾಡಿದ್ರೆ ಅಕ್ಕಪಕ್ಕದವರು ಮುಖ ಕೊಟ್ಟು ಮಾತಾಡ್ತಿದ್ರು" ಎನ್ನುತ್ತಾಳೆ ಹೆಂಡತಿ ಸುಮಾ. ಈ ಹವ್ಯಾಸದಿಂದ ನನಗೆ ಈವರೆಗೆ ದಕ್ಕಿದ್ದು ಕತ್ತುನೋವು ಮಾತ್ರ, ಆದರೂ ಬಿಡಲಾಗುತ್ತಿಲ್ಲ.

ಈ ಸಲ ಏಪ್ರಿಲ್‌ನಲ್ಲಿ ಅಪ್ಪನ ತಿಥಿ ನಮ್ಮ ಮನೆಯಲ್ಲಿ ನಡೆಯಿತು. ಅಮ್ಮ ಶಿಕಾಗೋ ಕಡೆಯ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಅಕ್ಕನ ಜೊತೆ ಇದ್ದಾರೆ. ಮಂಡಿ ಆಪರೇಶನ್ ಆಗಿರುವುದರಿಂದ ಅಷ್ಟು ದೂರ ಕಾರಿನಲ್ಲಿ ಕೂರಲಾರರು. ಅವರು ಬರದಿದ್ದರೂ ಅವರ ನಿಯಮ ಫೋನಿನಲ್ಲಿ ಬಂತು. ಕಾಗೆ ಅನ್ನ ಮುಟ್ಟುವವರೆಗೆ ಇಲ್ಲಿ ನಾವಾಗಲಿ, ಅಲ್ಲಿ ಅವರಾಗಲಿ ಊಟ ಮಾಡುವಂತಿಲ್ಲ. "ನಿನ್ನ ಹತ್ರ ಹ್ಯಾಗೂ ಕ್ಯಾಮೆರಾ ಇದೆಯಲ್ಲ, ಕಾಗೆ ತಿನ್ನೋದು ಒಂದು ಫೋಟೋ ಕಳ್ಸು. ನೋಡಿ ಊಟಕ್ಕೆ ಕೂತ್ಕೋತೀನಿ" ಎಂದಿದ್ದರು. ಅಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ.

ಪುರೋಹಿತರು ಕರ್ಮ ಮುಗಿಸಿದ ಮೇಲೆ ಹಿತ್ತಲಿನ ಮರದ ಜಗಲಿಯ, ಅಂದರೆ ಡೆಕ್‌ನ, ಕಟಕಟೆಯ ಮೇಲೆ ಅನ್ನ ಇಟ್ಟು, ಪಂಚೆಯ ಮೇಲೆ ಜಾಕೆಟ್ ಹಾಕಿಕೊಂಡು ಕ್ಯಾಮೆರಾ ಹಿಂದೆ ನಿಂತೆ. ದಿನವೂ ಕಸದ ಡಬ್ಬಿಯ ಮೇಲೆ ಸಭೆ ಸೇರುವ ಕಾಗೆಗಳಲ್ಲಿ ಅಂದು ಒಂದರ ಸುಳಿವೂ ಇಲ್ಲ. ಅಳಿಲು ಬಂತು, ಓಡಿಸಿದೆ. ನಾಚಿಕೆ ಬಿಟ್ಟು "ಕಾ ಕಾ" ಎಂದು ಕೂಗಿದೆ. ಪಕ್ಕದ ಮನೆಯವರು ತಮ್ಮನ್ನೇ ಕರೆದೆನೆಂದು ಕೈಬೀಸಿದರು. "ಈ ದೇಶದಲ್ಲಿ ಯಾವ ಪಕ್ಷಿ ತಿಂದರೂ ನಡೀತದೆ, ಚಿಂತೆ ಮಾಡ್ಬೇಡಿ" ಎಂದು ಪುರೋಹಿತರು ಹೊರಟುಹೋದರು.

ಕಡೆಗೆ ಬಂದದ್ದು ಗ್ರ್ಯಾಕಲ್ ಎಂಬ ಇಲ್ಲಿಯ ಕಪ್ಪು ಹಕ್ಕಿ. ದೂರದಿಂದ ಕಾಗೆಯ ಬಡ ಸಂಬಂಧಿಯಂತಿರುತ್ತದೆ. ಹತ್ತಿರದಿಂದ ನೋಡಿದರೆ ಕತ್ತಿನಲ್ಲಿ ನೀಲಿ ಹೊಳಪು, ಹಳದಿ ಕಣ್ಣು, ಬೇಕಾದ್ದಕ್ಕಿಂತ ಉದ್ದದ ಬಾಲ. ಗಬಗಬನೆ ತಿಂದಿತು. ಅಭ್ಯಾಸಬಲದಿಂದ ಫೋಟೋ ತೆಗೆದೆ.

ಅಷ್ಟರಲ್ಲಿ ಅಕ್ಕನ ಫೋನ್. "ಅಮ್ಮಂಗೆ ಕೈ ನಡುಗ್ತಿದೆ ಕಣೋ. ಜ್ಯೂಸ್ ಕೊಟ್ರೂ ಬೇಡ ಅಂತಾರೆ. ಬಂತಾ ಕಾಗೆ?"

ಬೇರೆ ಹಕ್ಕಿ ಬಂದಿದೆ, ಅದೂ ನಡೆಯುತ್ತದಂತೆ ಎಂದು ಹೇಳುವವನಿದ್ದೆ. ಅಕ್ಕನ ಹಿಂದಿನಿಂದ ಅಮ್ಮನ ಸಣ್ಣ ದನಿ ಕೇಳಿಸಿತು. "ಅವರಿಗೇನೋ ಅಸಮಾಧಾನ ಇರ್ಬೇಕು. ಇವನೇನು ಕಮ್ಮಿ ಮಾಡಿದ್ನೋ."

ಆ ಮಾತು ಚುಚ್ಚಿತು. "ಬಂತು ಅಂತ ಹೇಳು. ಈಗ ಕಳಿಸ್ತೀನಿ" ಎಂದುಬಿಟ್ಟೆ.

ಲ್ಯಾಪ್‌ಟಾಪ್ ತೆರೆದು ಕೂತೆ. ಕಣ್ಣಿನ ಹಳದಿಗೆ ಕಪ್ಪು ಬಳಿದೆ, ಕತ್ತಿನ ನೀಲಿ ಒರೆಸಿದೆ, ಬಾಲ ಕತ್ತರಿಸಿ ಕೊಕ್ಕು ದಪ್ಪ ಮಾಡಿದೆ. ಅಡುಗೆಮನೆಯಿಂದ ಆಂಬೊಡೆಯ ವಾಸನೆ ಬರುತ್ತಿತ್ತು. ಆ ಗಡಿಬಿಡಿಯಲ್ಲಿ ಕಟಕಟೆಯ ಮೇಲಿನ ಬಿಳಿ ಕಲೆಗಳನ್ನೂ ಅಳಿಸಿ ಕಳಿಸಿದೆ. ಕಳಿಸಿದ ಮೇಲೆ ಹೊಳೆಯಿತು, ಅವು ಕಲೆಗಳಲ್ಲ, ಅನ್ನ. ಖಾಲಿ ಕಟಕಟೆಯ ಮೇಲೆ ಕಾಗೆ ಸುಮ್ಮನೆ ಕೂತಿತ್ತು.

ಅಮ್ಮನೇ ಫೋನ್ ಮಾಡಿದರು. "ನೋಡ್ದೆ ಕಣಪ್ಪ. ಒಂದಗುಳೂ ಬಿಡದೆ ತಿಂದಿದ್ದಾರೆ. ಎಲೇಲಿ ಬಿಡೋ ಜಾಯಮಾನಾನೇ ಅಲ್ಲ ಅವರದು." ಮತ್ತೆ ಹೇಳಿದರು, "ಯಾಕೋ ತುಂಬ ಸೊರಗಿದ್ದಾರೆ."

ಅಮ್ಮ ಊಟಕ್ಕೆ ಕೂತರೆಂದು ಅಕ್ಕ ಹೇಳಿದ ಮೇಲೆ ನಾವೂ ಕೂತೆವು. "ಸುಳ್ಳು ಹೇಳಿದ್ರಲ್ಲ" ಎಂದಳು ಸುಮಾ. ನಾನು ತಲೆ ಎತ್ತದೆ ಆಂಬೊಡೆ ತಿಂದೆ. ಅಮ್ಮ ಉಂಡರೆಂಬ ಸಮಾಧಾನವಂತೂ ಇತ್ತು.

ಕೈ ತೊಳೆದು ಬರುವಷ್ಟರಲ್ಲಿ ಡೆಕ್ ಮೇಲೆ ನಿಜವಾದ ಕಾಗೆ. ಗುಂಡುಗುಂಡಗೆ ಇತ್ತು. ಗ್ರ್ಯಾಕಲ್ ಬಿಟ್ಟ ಅನ್ನವನ್ನು ಕೊಕ್ಕಿನಲ್ಲಿ ಹಿಡಿದು ನೇರ ನನ್ನ ಕಡೆ ನೋಡಿತು. ಫೋಟೋ ತೆಗೆದೆ. ಬೆಳಕು, ಕಣ್ಣಿನ ಹೊಳಪು, ಹಿನ್ನೆಲೆ ಎಲ್ಲವೂ ಇದ್ದ ಹಾಗೆಯೇ ಚೆನ್ನಾಗಿತ್ತು. ಜೀವಮಾನದಲ್ಲಿ ನಾನು ತೆಗೆದ ಫೋಟೋಗಳಲ್ಲಿ ತಿದ್ದಲು ಏನೂ ಇಲ್ಲದ್ದು ಅದೊಂದೇ. ಅಮ್ಮನಿಗೆ ಕಳಿಸಲು ಕೈ ತುರಿಸುತ್ತಿದೆ. ಆದರೆ ಅಪ್ಪ ಒಂದೇ ದಿನ ಎರಡು ಸಲ ಉಂಡದ್ದೇಕೆ, ಅಷ್ಟರಲ್ಲೇ ಇಷ್ಟು ದಪ್ಪಗಾದದ್ದು ಹೇಗೆ ಎಂದು ಅವರು ಕೇಳದೆ ಬಿಡುವುದಿಲ್ಲ.