ಅಪ್ಪನ ಬಸ್ಸಿಗೊಂದು ಪ್ರೊಸೆಸರ್

...ಅಥವಾ ಆ ಮಾತನ್ನು ಆಡಿದ್ದು ಅಪ್ಪನೇ ಅಲ್ಲವೇನೋ. "ಊರೂರಿಗೂ ನಿಲ್ಲೋ ಬಸ್ಸಿಗೆ ರೇಸಿನ ಎಂಜಿನ್ ಯಾಕ್ಲಾ?" ಎಂಬುದನ್ನು ನಾನು ಎಷ್ಟೊಂದು ಜನರಿಗೆ ಹೇಳಿಬಿಟ್ಟಿದ್ದೇನೆಂದರೆ, ಈಗ ಅದು ನೆನಪಾಗುವುದು ನನ್ನದೇ ಧ್ವನಿಯಲ್ಲಿ. ಮಳವಳ್ಳಿಯಲ್ಲಿರುವ ಅಕ್ಕ ಫೋನಿನಲ್ಲಿ, "ಅಪ್ಪ ಅಂಗಂದೇ ಇಲ್ಲ, ನೀನೇ ಕಟ್ಟಿದ್ದು ಕಣ್ಲಾ" ಎನ್ನುತ್ತಾಳೆ. ಅವಳು ಆ ದಿನ ಮನೆಯಲ್ಲೇ ಇರಲಿಲ್ಲ ಎಂಬುದು ನನ್ನ ವಾದ. ಇದ್ದವನು ಇರದಿದ್ದುದನ್ನೆಲ್ಲ ಸೇರಿಸುತ್ತಾನೆ ಎಂಬುದು ಅವಳ ವಾದ. ಇಬ್ಬರದೂ ಸರಿಯಿರಬಹುದು.

ಅನುಮಾನವಿಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಪ್ಪ ಮಂಡ್ಯ, ಮದ್ದೂರು, ಮಳವಳ್ಳಿ ರೂಟಿನಲ್ಲಿ ಬಸ್ಸು ಓಡಿಸುತ್ತಿದ್ದವರು. ನಿವೃತ್ತಿಯಾದ ಮೇಲೆ ಒಂದು ಕಣ್ಣು ಕೈಕೊಟ್ಟಿತು. ಸ್ಕೂಟರನ್ನೂ ಮುಟ್ಟಕೂಡದು ಎಂದರು ಡಾಕ್ಟರು. ಅಂದಿನಿಂದ ಅಪ್ಪ ಜಗಲಿಯ ಕುರ್ಚಿ ಹಿಡಿದು ಮಾತನ್ನೇ ಕಡಿಮೆ ಮಾಡಿಬಿಟ್ಟರು. ರಸ್ತೆಯಲ್ಲಿ ಬಸ್ಸು ಹೋದಾಗ ಮಾತ್ರ ಅವರ ಬಲಗಾಲು ಚಪ್ಪಲಿಯನ್ನು ನೆಲಕ್ಕೆ ಒತ್ತುತ್ತಿತ್ತು. ಅದನ್ನು ನೋಡಲಾಗದೆ, ಬಸ್ಸು ಓಡಿಸುವ ಗೇಮೊಂದನ್ನು ಅವರಿಗೆ ತೋರಿಸಬೇಕು, ಅದಕ್ಕೆ ಬೇಕಾದ ಕಂಪ್ಯೂಟರನ್ನು ನಾನೇ ಜೋಡಿಸಬೇಕು ಎಂದು ಹೊರಟೆ. ರಸ್ತೆಗೆ ಸಾಲದ ಕಣ್ಣು ಪರದೆಗೆ ಸಾಕಲ್ಲ. ಜೋಡಿಸುವ ಚಪಲ ನನಗೆ ಬಹಳ ದಿನಗಳಿಂದ ಇತ್ತೆಂಬುದನ್ನೂ, ನನ್ನ ಗೇಮುಗಳ ಮೇಲೆ ಕಣ್ಣಿತ್ತೆಂಬುದನ್ನೂ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ತೊಡಕು ಶುರುವಾದದ್ದು ಪ್ರೊಸೆಸರಿನ ಹತ್ತಿರ. ಕೋರು ಹೆಚ್ಚಿದಷ್ಟೂ ಬಲವೂ ಹೆಚ್ಚು, ಬೆಲೆಯೂ ಹೆಚ್ಚು; ಆರು ಕೋರಿನದೋ ಎಂಟು ಕೋರಿನದೋ ಎಂದು ವೀಡಿಯೊಗಳನ್ನು ನೋಡೀ ನೋಡೀ ತಲೆ ಕೆಟ್ಟಿತ್ತು. ಪ್ರತಿಯೊಬ್ಬನೂ ಒಂದನ್ನು ಹೊಗಳಿ, ಕೊನೆಗೆ "ನಿಮ್ಮ ಅಗತ್ಯ ನೋಡಿಕೊಳ್ಳಿ" ಎಂದು ಕೈತೊಳೆದುಕೊಳ್ಳುತ್ತಿದ್ದ. ಪ್ರೊಸೆಸರ್ ಎಂದರೆ ಎಂಜಿನ್ನು ಇದ್ದ ಹಾಗೆ ಎಂದು ಅಪ್ಪನಿಗೆ ವಿವರಿಸಿದ್ದೇ ತಡ, ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಕಾಯ್ತದಾ?"

"ಕಾಯ್ತದೆ. ತಂಪಿಗೆ ನೀರು ಸುತ್ತಿಸೋದೂ ಸಿಕ್ತದೆ."

"ನೀರಿನ ಸಾವಾಸ ಬ್ಯಾಡ. ಬೆಳಕವಾಡಿ ತಾವ ರೇಡಿಯೇಟರಿಗೆ ಸುರ್ದು ಸುರ್ದು ಸಾಕಾಗೋಯ್ತು. ಗಾಳೀದೇ ತಕೋ."

ರೇಸಿನ ಎಂಜಿನ್ನಿನ ಮಾತು ಬಂದದ್ದು ಆಗಲೇ, ಬಂದಿದ್ದರೆ. ಅಂತೂ ಆರು ಕೋರಿನದೇ ಬಂತು. ಎಂಟಕ್ಕೆ ಹೋಗದೆ ಉಳಿದ ಹಣದಲ್ಲಿ ಸ್ಟೀರಿಂಗು, ಪೆಡಲುಗಳು ಬಂದವು. ಪ್ರೊಸೆಸರಿನ ಮೂಲೆಯ ಪುಟ್ಟ ತ್ರಿಕೋನವನ್ನು ಅದು ಕೂರುವ ಬೋರ್ಡಿನ ತ್ರಿಕೋನಕ್ಕೆ ಹೊಂದಿಸಿ ಲಿವರ್ ಒತ್ತಿದಾಗ ಕರ್ ಎಂದಿತು. ಮುರಿದೇ ಹೋಯಿತೆಂದು ಕೈ ತೆಗೆದೆ. ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಅಪ್ಪ, "ಗೇರು ಬಿತ್ತು ಬುಡು" ಎಂದರು.

ಗೇಮು ಶುರುವಾಯಿತು. ಯಾವುದೋ ದೇಶದ ಊರು. ಒಂದು ಹಸುವೂ ಅಡ್ಡ ಬರದ ರಸ್ತೆ. ಇಲ್ಲದ ಕನ್ನಡಿಯನ್ನು ಸರಿಮಾಡಿಕೊಂಡು ಅಪ್ಪ ಮೊದಲ ಸ್ಟಾಪಿನವರೆಗೆ ನೀರು ಕುಡಿದಂತೆ ಓಡಿಸಿದರು. ಜನ ಹತ್ತಿದರು, ಬಾಗಿಲು ಮುಚ್ಚಿತು, ಬಸ್ಸು ಅಲ್ಲೇ ನಿಂತಿತು. ಕಾದೆ. ನಿಂತೇ ಇತ್ತು.

"ಹ್ಯಾಂಗ್ ಆಯ್ತು! ಬಡ್ಕಂಡೆ, ಎಂಟು ಕೋರಿಂದು ತಕೊಳವ ಅಂತ. ನಿನ್ ಮಾತು ಕೇಳ್ಕಂಡು ಕೆಟ್ಟೆ ಕಣಪ್ಪ!"

ಅಪ್ಪ ಸ್ಟೀರಿಂಗಿನಿಂದ ಕೈ ತೆಗೆದರು. "ಅಂಗಾರೆ ವಾಪಸ್ ಕೊಟ್ಬುಡ್ಲಾ. ನಂಗ್ಯಾಕೆ ಇವೆಲ್ಲ" ಎಂದು ಜಗಲಿಯ ಕಡೆ ನೋಡುತ್ತ ಏಳಲು ಹೊರಟರು. ಆ ಕುರ್ಚಿಗೆ ಮತ್ತೆ ಹೋದರೆ ಇನ್ನು ಬರಲಾರರು ಎನ್ನಿಸಿ, ಅವರ ಭುಜ ಹಿಡಿದು ಕೂರಿಸಿದೆ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ ಸ್ಟಾಪು, ಮತ್ತೆ ಅದೇ ಕಥೆ. ಪರದೆಯ ಮೇಲೆ ಮೋಡಗಳು ಚಲಿಸುತ್ತಿದ್ದುದು ನನಗೆ ಕಾಣಲೇ ಇಲ್ಲ.

ಅಡುಗೆಮನೆಯಿಂದ ಇಣುಕಿದ ಅಮ್ಮ, "ರೈಟ್ ಅನ್ನದೆ ನಿಮ್ಮಪ್ಪ ಯಾವತ್ಲಾ ಗಾಡಿ ಎತ್ತವ್ರೆ?" ಎಂದು ಬಾಗಿಲಿಗೆ ಸೌಟಿನಿಂದ ಕುಟ್ಟಿ, "ರೈಟ್, ರೈಟ್!" ಎಂದರು.

ಬಸ್ಸು ಹೊರಟಿತು. ಅಪ್ಪನ ಕಾಲು ಅಷ್ಟು ಹೊತ್ತೂ ಆಕ್ಸಿಲರೇಟರಿನ ಮೇಲೆ ಇರಲೇ ಇಲ್ಲ. ಪಾಪದ ಪ್ರೊಸೆಸರ್ ಬೈಗುಳವನ್ನೆಲ್ಲ ತಿಂದು ತಂಪಾಗಿಯೇ ಇತ್ತು. ಅದಕ್ಕೂ, ಆ ಸೌಟಿಗೂ ನಾನು ಋಣಿ.

ಅಂದಿನಿಂದ ಸಂಜೆ ಹೊತ್ತು ಕಂಡಕ್ಟರ್ ಕೆಲಸ ನನ್ನದು. ನನಗಾಗಿ ಹಾಕಿಕೊಳ್ಳಬೇಕೆಂದಿದ್ದ ಗೇಮುಗಳು ಇನ್ನೂ ಬಂದಿಲ್ಲ. ಬಂದರೂ ಸೀಟು ಖಾಲಿಯಿಲ್ಲ. ಅಪ್ಪ ಈಗ ಸ್ಟಾಪು ಸ್ಟಾಪಿಗೂ ಮಾತಾಡುತ್ತಾರೆ, ಹೆಚ್ಚಾಗಿ ನನ್ನನ್ನು ಬೈಯುತ್ತಾರೆ. ಅಂದು ನಿಜವಾಗಿಯೂ ಇದು ಗೇಮು ಅನ್ನೋದನ್ನೇ ಮರೆತು ನಿಂತಿದ್ರಾ ಎಂದು ಒಮ್ಮೆ ಕೇಳಿದೆ. "ಟೈಮಾಯ್ತು, ರೈಟ್ ಯೋಳ್ಲಾ" ಎಂದರು. ಹೇಳಿದೆ. ಕಾಲಿನ ಹಳೆಯ ರೂಢಿಯೇ ಕಾದಿತ್ತೋ, ನಮ್ಮಲ್ಲಿ ಯಾರಾದರೊಬ್ಬರು ಜೊತೆಗೆ ಹತ್ತಲಿ ಎಂದು ಅವರೇ ಕಾದಿದ್ದರೋ, ನನಗೆ ಗೊತ್ತಿಲ್ಲ.